ಸ್ಕ್ಯಾನ್ ಕೋಣೆಯಲ್ಲಿ ಜೊತೆಗಿದ್ದವರು

ತಲೆಯ ಸಿ.ಟಿ. ಸ್ಕ್ಯಾನ್‌ಗೆಂದು ನಾಲವಾರದಿಂದ ರೈಲಿನಲ್ಲಿ ನಾನು ಒಬ್ಬಳೇ ಹೋಗಿದ್ದೆ. ಓಲೆ, ಮೂಗುತಿ, ಬಳೆ ಎಲ್ಲ ಬಿಚ್ಚಿಸಿ ಮಲಗಿಸಿದರು. ಮಷೀನು ತಿರುಗತೊಡಗಿದಾಗ ಕಿವಿಯ ಹತ್ತಿರವೇ ಬಳೆ ಸದ್ದಾಯಿತು. ಹಣೆ ತಣ್ಣಗಾಯಿತು.

ಗಾಜಿನಾಚೆಯಿಂದ ಟೆಕ್ನಿಷಿಯನ್ ಮೈಕಿನಲ್ಲಿ ಗದರಿದ. “ಆ ಮುದುಕಿಗಿ ಹೊರಗ ಕಳಸ್ರಿ. ಜೋಡಿ ಬಂದವ್ರು ಒಳಗ ನಿಂದ್ರಬಾರದು ಅಂತ ಎಷ್ಟು ಸಲ ಹೇಳಬೇಕು?”

“ನನ್ನ ಜೋಡಿ ಯಾರೂ ಬಂದಿಲ್ರಿ,” ಎಂದೆ.

“ಸುಳ್ಳು ಹೇಳಬ್ಯಾಡ್ರಿ. ಸುಮ್ನ ಮಲಕೋರಿ.”

ಮೂರು ಸಲ ಗದರಿದನೇ ಹೊರತು ಒಳಗೆ ಬಂದು ನೋಡಲಿಲ್ಲ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಸಂಜೆ ಕೈಗಿತ್ತ ರಿಪೋರ್ಟಿನಲ್ಲಿ ಹೀಗೆ ಬರೆದಿತ್ತು: ‘ಜೊತೆಗಿದ್ದವರು ರೋಗಿಯ ಹಣೆಯ ಮೇಲಿಂದ ಕೈ ತೆಗೆಯದ ಕಾರಣ ಚಿತ್ರ ಸ್ಪಷ್ಟವಾಗಿಲ್ಲ. ಮುಂದಿನ ಸಲ ರೋಗಿ ಒಬ್ಬರೇ ಬರತಕ್ಕದ್ದು.’