ಮರಳಿ ಬಂದ ಖಣ

"ನೀ... ನೀ ಇಲ್ಲೆ?"

ಕ್ಯಾಸಲ್ ರಾಕ್ ನಿಲ್ದಾಣದ ನಳದ ಕೆಳಗೆ ಸೀಮಾಳ ಬಾಟಲಿ ತುಂಬಿ ಹೊರಚೆಲ್ಲುತ್ತಿತ್ತು. ಎದುರಿಗೆ ಕೊಟ್ರೇಶ! ಬೆಟಗೇರಿಯಲ್ಲಿ ಅವಳ ಸೋದರತ್ತೆಯ ಓಣಿಯ ನೇಕಾರ. ಹೋದ ದೀಪಾವಳಿಯಿಂದ ಅವಳನ್ನು ಕಂಡರೆ ಮುಖ ತಿರುವಿಕೊಂಡು ಹೋಗುತ್ತಿದ್ದವನು.

"ನಮ್ಮತ್ತೀನ ಜಲಪಾತ ತೋರಸಾಕ ಕರ್ಕೊಂಡು ಬಂದೇನ್ರಿ. ನೀವು?"

"ಮಡಗಾಂವಕ್ಕ. ಕನ್ಯಾ ನೋಡಾಕ. ಅವ್ವ ಮುಂದಿನ ಬೋಗ್ಯಾಗ ಅದಾಳ."

ಸೀಮಾಳ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ರೈಲು ಕೂಗಿತು. ಇಬ್ಬರೂ ಓಡಿ ಒಂದೇ ಬೋಗಿ ಹತ್ತಿದರು.

ಪೋರ್ಚುಗೀಜರ ಕಾಲದ ಆ ಹಾದಿಯಲ್ಲಿ ರೈಲು ನಿಧಾನಕ್ಕೆ ಘಟ್ಟ ಇಳಿಯತೊಡಗಿತು. ಎರಡೂ ಬದಿಗೆ ದಟ್ಟ ಕಾಡು. ಮರಗಳ ಬುಡದಲ್ಲಿ ಶ್ರಾವಣದ ಹಳ್ಳಗಳು ತುಂಬಿ ಹರಿಯುತ್ತಿದ್ದವು. ಮಂದಿಯೆಲ್ಲ ಕಿಟಕಿಗೆ ಮೊಬೈಲ್ ಹಿಡಿದಿದ್ದರು. ಕಣ್ಣು ತುಂಬಿಕೊಂಡವಳಿಗೆ ಯಾವ ಕಾಡು, ಯಾವ ಹಳ್ಳ!

'ಇವನು ಮಡಗಾಂವದಲ್ಲಿ ಇಳಿದರೆ ಮುಗಿದೇಹೋಯಿತು. ಈಗ ಕೇಳದಿದ್ದರೆ ಇನ್ಯಾವಾಗ?'

ಬಾಗಿಲ ಬಳಿ ನಿಂತಿದ್ದವನ ಹತ್ತಿರ ಹೋದಳು.

"ನಾ ಏನು ತಪ್ಪು ಮಾಡೇನ್ರಿ? ನಾ ಬೆಟಗೇರಿಗೆ ಟೇಲರಿಂಗ್ ಕ್ಲಾಸಿಗೆ ಬಂದಾಗೆಲ್ಲಾ ಮಾತಾಡಸ್ತಿದ್ರಿ. ಒಮ್ಮಿಂದೊಮ್ಮೆಲೆ..."

"ತಪ್ಪು ನಂದ. ಬ್ಯಾಡ ಅಂತ ಬಾಯಿಂದ ಹೇಳಿದ್ರ ಸಾಕಿತ್ತು, ಸೀಮಾ. ಕುಬಸದ ಖಣ ಹೊಳ್ಳಿ ಕಳಸಬಾರದಿತ್ತು."

"ಯಾವ ಖಣ?!"

ರೈಲು ಸುರಂಗ ಹೊಕ್ಕಿತು. ಕತ್ತಲಲ್ಲಿ ಅವನ ದನಿ ಮಾತ್ರ...

"ಮಾಗಡಿ ಕೆರಿಗೆ ಬಾತು ಬಂದಾವು ಅಂತ ನೀ ಹೇಳಿದ್ದೆಲ್ಲಾ? ಹಸರ ಖಣದ ಅಂಚಿಗೆ ಅವನ್ನ ಸಾಲಾಗಿ ನೇಯ್ದಿದ್ದೆ. ಹೋದ ಶ್ರಾವಣದಾಗ ಅವ್ವ ನಿನಗ ಉಡಿ ತುಂಬುವಾಗ ನಾನ ತಾಟಿನ್ಯಾಗ ಇಟ್ಟಿದ್ದೆ. ಹೊಲಿಸ್ಕೊಂಡು ತೊಟ್ರ ಅದ ನಿನ್ನ ಒಪ್ಪಿಗಿ ಅಂತ... ದೀಪಾವಳಿಗೆ ನಮ್ಮಕ್ಕ ಸುನಿತಾ ನಿಮ್ಮತ್ತಿ ಮನಿಗೆ ಬಂದಿದ್ಲು. ಆಕಿ ಉಡ್ಯಾಗ ಅದ ಖಣ ಹೊಳ್ಳಿ ಬಂತು!"

ಬೆಳಕಾದಾಗ ಸೀಮಾ ಗೋಡೆ ಹಿಡಿದು ನಿಂತಿದ್ದಳು.

ನಮ್ಮ ಕಡೆ ಖಣಗಳ ಕಥೆಯೇ ಹಾಗೆ. ಒಬ್ಬರ ಉಡಿಗೆ ಬಂದ ಕುಬಸದ ಬಟ್ಟೆ ಟ್ರಂಕಿನಲ್ಲಿ ಕೂತು, ಇನ್ನೊಬ್ಬರ ಉಡಿಗೆ ಹೋಗುತ್ತದೆ. ಊರೆಲ್ಲ ತಿರುಗಿದರೂ ಯಾರೂ ಹೊಲಿಸುವುದಿಲ್ಲ, ಯಾರೂ ಬೇಜಾರೂ ಮಾಡಿಕೊಳ್ಳುವುದಿಲ್ಲ. ಇಂಥ ಖಣದ ಕೈಯಲ್ಲಿ ಮನಸ್ಸಿನ ಮಾತು ಹೇಳಿ ಕಳಿಸಿದ್ದನಲ್ಲ, ಈ ಪುಣ್ಯಾತ್ಮ!

ಅವಳಾದರೂ ಅವತ್ತು ಉಡಿಯ ಅಕ್ಕಿ, ಕಾಯಿ, ಖಣ ಎಲ್ಲವನ್ನೂ ಅತ್ತೆಯ ಮೊರಕ್ಕೆ ಸುರಿದುಬಿಟ್ಟಿದ್ದಳು. 'ಅಯ್ಯೋ... ಮಡಿಕೆ ಬಿಚ್ಚಿ ನೋಡಿದ್ದರೆ!'

"ಖರೇನ ನಾ ನೋಡಿಲ್ರಿ. ದೇವರಾಣಿ!"

"ಬಟ್ಟಿ ಹೊಲಿಯಾಕಿ ಖಣ ನೋಡಲಿಲ್ಲಂದ್ರ ಹೆಂಗ ನಂಬಲಿ?"

ಆ ಮಾತಿಗೆ ಅವಳು ಬಿಕ್ಕಿದಳು.

"ನಂಬೋ ತಮ್ಮಾ."

ಹಿಂದೆ ಅತ್ತೆ ಗದಿಗೆವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ!

"ಸುನಿತಾಗ ಉಡಿ ತುಂಬಿದಾಕಿ ನಾನು. ಟ್ರಂಕಿನ್ಯಾಗ ಕೈಗೆ ಸಿಕ್ಕಿದ್ದು ಹಾಕಿದ್ನಿ. ಈಕಿ ಅವತ್ತು ತಮ್ಮೂರು ಅಸುಂಡ್ಯಾಗ ಇದ್ಲು. ನಮ್ಮ ಕೂಸಿಗೆ ಏನೂ ಗೊತ್ತಿಲ್ಲಪಾ."

ಕೊಟ್ರೇಶನ ಮುಖ ಬಿಳಿಚಿತು. ಹೆಗಲ ಚೀಲ ತೆರೆದ. ಹಸಿರು ಖಣ!

"ಇವತ್ತು ಆ ಕನ್ಯಾದ ಉಡಿಗೆ ಅಂತ ಅವ್ವ ಇದನ್ನ ಇಟ್ಟಾಳ..."

ಮಡಿಕೆ ಬಿಚ್ಚಿದ ಸೀಮಾ ಬಾತುಗಳ ಸಾಲಿನ ಮೇಲೆ ಬೆರಳಾಡಿಸಿದಳು. ಕಣ್ಣೀರು ಧಾರೆಯಾಯಿತು.

"ಹೊಂಟದ್ದಕ್ಕ ಹೋಗ್ರಿ. ಮಾತು ಕೊಟ್ಟಿದ್ರ... ನಾ ಅಡ್ಡ ಬರೂದಿಲ್ರಿ."

"ಮಾತು ಕೊಟ್ಟಿಲ್ಲ! ಈಗ್ಲೇ ಅವ್ವಗ ಹೇಳ್ತೀನಿ. ಬೈತಾಳ, ಬೈಲಿ. ಆ ಮನಿಯವರಿಗೂ ನಾನ ಹೋಗಿ ಕೈ ಮುಗೀತೀನಿ." ಅವನು ಸೀಮಾಳತ್ತ ತಿರುಗಿದ. "ನೀ ಮಾತ್ರ ಮತ್ತ ಹೊಳ್ಳಿಸಿ ಕೊಡಬ್ಯಾಡ!"

ಬೋಗಿಯಲ್ಲಿ ಹೋ ಎಂದು ಕೂಗೆದ್ದಿತು. ಹಾಲಿನಂಥ ಜಲಪಾತ! ತುಂತುರು ಒಳಗೆಲ್ಲ ಹಾರಿತು. ಅದನ್ನು ನೋಡಲೆಂದೇ ಬಂದ ಗದಿಗೆವ್ವ ಅತ್ತ ತಿರುಗಲೂ ಇಲ್ಲ. ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ಅಕ್ಕಿ ಇಲ್ಲ, ಕಾಯಿ ಇಲ್ಲ. ಶೇಂಗಾ ಹೋಳಿಗಿ ಐತಿ. ಉಡಿ ಒಡ್ಡವಾ. ನಾ ಕಳದದ್ದನ್ನ ನಾನ ಹಾಕ್ತೀನಿ."

ಸೀಮಾ ದುಪಟ್ಟಾ ಒಡ್ಡಿದಳು. ಹೋಳಿಗೆ ಬಿದ್ದವು, ಮೇಲೆ ಖಣ ಬಿತ್ತು. ಅವಳು ಅದನ್ನು ಎದೆಗವಚಿಕೊಂಡಳು.

"ಈ ಸಲಾನಾದ್ರೂ ಹೊಲಿಸ್ಕೊಂತಿಯೇನ, ಸೀಮಾ?"

"ಇಲ್ರಿ."

ಅವನ ಉಸಿರೇ ನಿಂತಂತಾಯಿತು.

"ಬ್ಯಾರೆಯವರ ಕೈಯಾಗ ಯಾಕ ಕೊಡ್ಲಿ? ನಾನ ಹೊಲ್ಕೊಂತೀನಿ."