ಹಾಡದೆ ಉಳಿದ ಹತ್ತನೆಯ ಚರಣ

ಆ ಯೋಧ ಸತ್ತು ಬಿದ್ದದ್ದು ಸರಿಯಾಗಿ ಟಾಮ್ಸಿನ್‌ಳ ಕಾಲ ಬುಡದಲ್ಲೇ.

ಸತ್ತದ್ದು ಅಂದರೆ ಆಟಕ್ಕೆ. ಜುಲೈ ಕೊನೆಯ ದೊಡ್ಡ ಕೂಟದಲ್ಲಿ ಥಾರ್ನ್‌ಬೆಕ್‌ನ ಕುರಿ ಮೇಯುವ ಬಯಲಿಗೆ ನಲ್ಲಿ ರಿಪೇರಿಯವರು, ಬಸ್ ಡ್ರೈವರ್‌ಗಳು, ಶಾಲೆಯ ಟೀಚರ್‌ಗಳು ಎಲ್ಲ ಬಂದು ಸೇರಿ, ಮೂರು ದಿನದ ಮಟ್ಟಿಗೆ ಆರುನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತಾರೆ. ಉಣ್ಣೆಯ ನಿಲುವಂಗಿ, ಮೊಂಡು ಕತ್ತಿ, ಹೊಗೆಯಾಡುವ ಒಲೆ. ಮೊಬೈಲು ಕಾರಿನೊಳಗೆ, ನಿಜವಾದ ಹೆಸರು ಗೇಟಿನಾಚೆ. ಬಯಲಿಗಿಳಿದ ಮೇಲೆ ಬಾಯ್ಲರ್ ರಿಪೇರಿಯವನೊಬ್ಬ 'ಓಸ್ಬರ್ನ್' ಆಗುತ್ತಾನೆ, ಪ್ರಾಣಿಗಳ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಟಾಮ್ಸಿನ್ 'ಹವಿಸ್' ಆಗುತ್ತಾಳೆ. ಹೊರಗಿನ ಹೆಸರು ಕೇಳುವುದು ಅಲ್ಲಿ ಮರ್ಯಾದೆಯಲ್ಲ.

ಟಾಮ್ಸಿನ್ ಈ ಕೂಟದ ಬಳಗಕ್ಕೆ ಹೊಸ ಹಾಡುಗಾರ್ತಿ. ಅವತ್ತು ಅವಳ ಮೊದಲ ಶೋಕಗೀತೆ.

ದಿನದ ಕಾಳಗದಲ್ಲಿ ಎಲ್ಲರಿಗಿಂತ ಕೊನೆಗೆ ಬಿದ್ದವನಿಗೆ ಮಾತ್ರ ಆ ಗೀತೆ. ಒಟ್ಟು ಹತ್ತು ಚರಣ. ಹತ್ತನೆಯದರಲ್ಲಿ ಹಾಡುಗಾರ್ತಿ ಅವನ ಹೆಸರನ್ನು ಮೂರು ಸಲ ಕರೆಯುತ್ತಾಳೆ. ಸತ್ತವನು ಎದ್ದು ನಿಲ್ಲುತ್ತಾನೆ, ಎಲ್ಲರೂ ಬಿಯರ್ ಕುಡಿಯುತ್ತಾರೆ. ಅಲ್ಲಿಯವರೆಗೆ ಅವನು ರೆಪ್ಪೆ ಮಿಟುಕಿಸುವಂತಿಲ್ಲ.

ಟಾಮ್ಸಿನ್ ಮಂಡಿಯೂರಿ ಕುಳಿತಳು. ಶಿರಸ್ತ್ರಾಣದಡಿ ಕೂದಲು ಒತ್ತಿಹೋದ ಹಣೆ, ಮುಚ್ಚಿದ ಕಣ್ಣು... ಎರಡು ಬೇಸಿಗೆಯಿಂದ ಅವಳು ಕದ್ದು ಕದ್ದು ನೋಡಿದ್ದ ಓಸ್ಬರ್ನ್‌ನ ಮುಖ. ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

'ದೇವರೇ, ಇವನೇ ಯಾಕೆ ಸಾಯಬೇಕಿತ್ತು, ಅದೂ ಇವತ್ತೇ...'

ಆದರೂ ಹಾಡಿದಳು. ಮೊದಲ ಚರಣಕ್ಕೆ ಬಯಲು ಸುಮ್ಮನಾಯಿತು. ನಾಲ್ಕನೆಯದಕ್ಕೆ ಮುಂದಿನ ಸಾಲಿನ ಹೆಂಗಸೊಬ್ಬಳು ಮೂಗು ಒರೆಸಿಕೊಂಡಳು. ಏಳನೆಯದಕ್ಕೆ ಬರುವ ಹೊತ್ತಿಗೆ ಟಾಮ್ಸಿನ್ ಗಮನಿಸಿದಳು, ಅವನ ತುಟಿ ಬಿಳುಚಿತ್ತು. ಹಣೆಯಲ್ಲಿ ಬೆವರಿನ ಹನಿಗಳು ಸಾಲುಗಟ್ಟಿದ್ದವು.

'ಎಂಥ ನಟನೆ ಮಾರಾಯ ನಿಂದು...'

ಹುಮ್ಮಸ್ಸು ಏರಿತ್ತು. ಬರೆದಿಟ್ಟ ಚರಣ ಬಿಟ್ಟು ಅಲ್ಲೇ ಹೊಸದು ಕಟ್ಟಿದಳು:

"ಸುಣ್ಣವಾಯಿತು ತುಟಿಯ ಬಣ್ಣ, ಹಣೆಯ ತುಂಬ ಹನಿಗಳು,
ಹೊರಟ ಜೀವ ಹೊಸ್ತಿಲಲ್ಲಿ ತಿರುಗಿ ನೋಡಿ ನಿಂತಿದೆ..."

ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಇನ್ನೂ ಹುಮ್ಮಸ್ಸು ಬಂತು. ಎಂಟನೆಯದನ್ನು ಎರಡೆರಡು ಸಲ ಹಾಡಿದಳು.

ಒಂಬತ್ತನೆಯದರ ನಡುವೆ ಹಿರಿಯ ಹಾಡುಗಾರ್ತಿ ವಿನಿಫ್ರೆಡ್ ಕಾಳಗದ ಜಾಗಕ್ಕೆ ಸುತ್ತ ಕಟ್ಟಿದ್ದ ಹಗ್ಗ ದಾಟಿ ಓಡಿ ಬಂದಳು. ಮೂವತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದ ಕಣ್ಣು ಅವಳದು.

"ನಿಲ್ಲಿ! ನಿಲ್ಲಿ! ನಿಲ್ಲಿ!"

ಬಯಲಿನಲ್ಲಿ ನಿಜವಾಗಿ ಪೆಟ್ಟಾದಾಗ ಮಾತ್ರ ಕೂಗುವ ಮಾತು ಅದು. ಮೊದಲು ನೋಡಿದವರು ಕೂಗಬೇಕು ಎಂಬುದು ನಿಯಮ. ಮೊದಲು ನೋಡಿದವಳು ಟಾಮ್ಸಿನ್. ನೋಡಿ, ಅದಕ್ಕೆ ಪ್ರಾಸ ಹುಡುಕುತ್ತಾ ಕುಳಿತಿದ್ದಳು.

ಗಾಯವೇನೂ ಹೊರಗೆ ಕಾಣುತ್ತಿರಲಿಲ್ಲ. ಎಡ ಪಕ್ಕೆಗೆ ಬಿದ್ದ ಹೊಡೆತಕ್ಕೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಆಸ್ಪತ್ರೆಗೆ ಅವಳು ಉಣ್ಣೆಯ ನಿಲುವಂಗಿಯಲ್ಲೇ ಓಡಿದಳು.

"ಓಸ್ಬರ್ನ್ ಅಂತ... ಈಗಷ್ಟೇ ಕರ್ಕೊಂಡು ಬಂದ್ರಲ್ಲ..."

"ಪೂರ್ತಿ ಹೆಸರು?" ಕೌಂಟರಿನ ಹುಡುಗಿ ಕೇಳಿದಳು.

"ಗೊತ್ತಿಲ್ಲ."

"ಹುಟ್ಟಿದ ತಾರೀಕು? ಊರು? ನೀವು ಅವರಿಗೆ ಏನಾಗ್ಬೇಕು?"

ಏನಾಗಬೇಕು... ಅವನ ಸಾವನ್ನು ಚೆನ್ನಾಗಿ ಹಾಡಿದವಳು ಎಂದು ಹೇಳಲಾದೀತೇ?

"ಆ ಹೆಸರಿನವರು ಯಾರೂ ಇಲ್ಲ ಮೇಡಂ," ಎಂದಳು ಹುಡುಗಿ, ಅವಳ ನಿಲುವಂಗಿಯ ಮೇಲೆ ಕಣ್ಣಾಡಿಸುತ್ತಾ.

ಬದುಕಿದ್ದಾನೆ ಎಂದು ಮಾರನೆಯ ದಿನ ವಿನಿಫ್ರೆಡ್ ಫೋನ್ ಮಾಡಿ ಹೇಳಿದಳು. ಇನ್ನು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತಂತೆ.

ಕಾಲು ಗಂಟೆ. ಟಾಮ್ಸಿನ್ ಲೆಕ್ಕ ಹಾಕಿದಳು... ಎಂಟನೆಯ ಚರಣವನ್ನು ಎರಡನೆಯ ಸಲ ಹಾಡಿದ್ದಕ್ಕೇ ಎರಡು ನಿಮಿಷ ಹೋಗಿತ್ತು. ಅವತ್ತಿನಿಂದ ಅವಳು ಹಾಡಲಿಲ್ಲ. ಸ್ನಾನ ಮಾಡುವಾಗಲೂ ಇಲ್ಲ, ಕೆಲಸದ ಜಾಗದಲ್ಲಿ ಬೋನಿನೊಳಗೆ ಹೆದರಿ ಕೂತ ಬೆಕ್ಕುಗಳಿಗೂ ಇಲ್ಲ.

ಡಿಸೆಂಬರಿನಲ್ಲಿ ವಿನಿಫ್ರೆಡ್‌ಳ ಫೋನ್ ಮತ್ತೆ ಬಂತು.

"ಓಸ್ಬರ್ನ್ ಬಳಗಕ್ಕೆ ವಾಪಸ್ ಬಂದಿದಾನೆ ಕಣೇ. ನೀನು ಕರೀದೆ ಬಿಟ್ಟೆಯಲ್ಲ, ನಮ್ಮ ಲೆಕ್ಕದಲ್ಲಿ ಅವ್ನಿನ್ನೂ ಸತ್ತೋನೇ. ಹಿರಿಯಳು ನಾನು, ನಾನೇ ಕರೀತೀನಿ ಏಳಪ್ಪಾ ಅಂದೆ. ಬೇಡ ಅಂದ್ಬಿಟ್ಟ."

"ಬೇಡ ಅಂದ್ರಾ?"

"ಯಾರ ಬಾಯಲ್ಲೂ ಕರೆಸ್ಕೊಳ್ಳೋಲ್ಲ ಅಂದ."

ವಿನಿಫ್ರೆಡ್ ಅಷ್ಟಕ್ಕೇ ನಿಲ್ಲಿಸಿದಳು. ಅದರ ಮೇಲೆ ಹೇಳಕೂಡದು ಎಂದು ಅವನಿಗೆ ಮಾತು ಕೊಟ್ಟಿದ್ದಳು. ಆ ಮುದುಕಿ ಬೇರೆಲ್ಲ ವಿಷಯಕ್ಕೂ ಬಾಯಿಬಡುಕಿ, ಕೊಟ್ಟ ಮಾತಿಗೆ ಮಾತ್ರ ಕಲ್ಲು.

ಟಾಮ್ಸಿನ್ ಅದನ್ನು ತನಗೆ ಬೇಕಾದಂತಲ್ಲ, ತನಗೆ ಚುಚ್ಚುವಂತೆ ಅರ್ಥ ಮಾಡಿಕೊಂಡಳು. 'ಹಾಡು ಅಂದ್ರೇನೇ ಅಸಹ್ಯ ಬಂದಿದೆ ಅವನಿಗೆ. ಬರದೆ ಇರುತ್ತಾ...'

ಮತ್ತೆ ಜುಲೈ ಬಂತು.

"ನನ್ ಕಣ್ಣು ಮಂಜು. ಕಾರು ಓಡ್ಸೋಕೆ ಯಾರೂ ಇಲ್ಲ. ಬಿಟ್ಟು ಹೋಗು ಸಾಕು," ಎಂದು ವಿನಿಫ್ರೆಡ್ ಅವಳನ್ನು ಬಯಲಿನವರೆಗೆ ಎಳೆದುಕೊಂಡು ಬಂದಳು. ಬಂದ ಮೇಲೆ ಹಾಗೇ ಬಿಡುತ್ತಾಳೆಯೇ? "ಒಂದು ಬಟ್ಟಲು ಗಂಜಿ ಕುಡಿದು ಹೋಗೇ. ಹೊಟ್ಟೆ ಮೇಲೆ ಏನು ಸಿಟ್ಟು?"

ಅಡುಗೆ ಡೇರೆಯಲ್ಲಿ ಬಾರ್ಲಿಯೂ ಈರುಳ್ಳಿಯೂ ಬೇಯುವ ವಾಸನೆ. ಅವಳು ಬಟ್ಟಲು ಚಾಚಿದಳು. ಸೌಟು ಹಿಡಿದು ಮುಂದೆ ಬಂದ ಕೈಯ ತೋಳಿಗೆ ಬಣ್ಣ ಹಾಕದ ಬೂದು ಪಟ್ಟಿ ಕಟ್ಟಿತ್ತು. ಸತ್ತವರು ಕಟ್ಟುವ ಪಟ್ಟಿ. ಬೇರೆಯವರು ಅದನ್ನು ಒಂದು ಗಂಟೆ ಕಟ್ಟಿಕೊಂಡು ನಗುತ್ತಾ ಬಿಚ್ಚುತ್ತಾರೆ. ಇದು ಒಗೆದು ಒಗೆದು ನೂಲು ಎದ್ದಿತ್ತು.

ಅವಳು ತಲೆ ಎತ್ತಿದಳು.

ಅವನೇ.

ಸೌಟು ಅವನ ಕೈಯಲ್ಲಿ ವಾಲಿದಂತೆಯೇ ನಿಂತಿತು. ಗಂಜಿ ಬಟ್ಟಲು ದಾಟಿ ಅವಳ ಹೆಬ್ಬೆರಳಿನ ಮೇಲೆ ಹರಿಯಿತು. ಬಿಸಿ ಅವಳಿಗೆ ತಿಳಿಯಲೇ ಇಲ್ಲ.

"ಸುಟ್ಕೊಂಡ್ರಿ," ಅಂದ ಅವನು.

"ಪರವಾಗಿಲ್ಲ."

"ನೀರು ಹಾಕ್ಕೊಳ್ಳಿ. ಹಿಂದೆ ಬಾನಿ ಇದೆ."

ಡೇರೆಯ ಹಿಂದೆ ಬಾನಿಯಲ್ಲಿ ಕೈ ಅದ್ದಿಕೊಂಡು ಅವಳು ನಿಂತಳು. ಅವನು ಎರಡು ಮಾರು ದೂರದಲ್ಲಿ, ಈರುಳ್ಳಿ ಮೂಟೆಯ ಪಕ್ಕ ನಿಂತ.

"ಕ್ಷಮ್ಸಿ," ಎಂದಳು ನೀರಿಗೆ ಹೇಳುವಂತೆ. "ನಾನು ಬರಬಾರದಿತ್ತು. ನಿಮಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಗೊತ್ತು."

"ಯಾರ್ ಹೇಳಿದ್ರು?"

"ಯಾರ ಬಾಯಲ್ಲೂ ಕರೆಸ್ಕೊಳ್ಳೋಲ್ಲ ಅಂದ್ರಂತೆ."

ಅವನು ತಲೆ ಕೆರೆದುಕೊಂಡ.

"ನಿಮ್ಮನ್ನ ಬಿಟ್ಟು ಯಾರ ಬಾಯಲ್ಲೂ... ಅಂದಿದ್ದೆ. ವಿನಿಫ್ರೆಡ್‌ಗೆ ಅಷ್ಟನ್ನ ಹೇಳ್ಬೇಡಿ ಅಂತಾನೂ ಅಂದಿದ್ದೆ. ಬಲವಂತಕ್ಕೆ ನೀವು ಬರೋದು ಬೇಡ ಅಂತ."

ಬಾನಿಯ ನೀರು ಅಲುಗಾಡಿತು.

"ನೀವು ಬೆವರಿದ್ದನ್ನ ನಾನು ನೋಡ್ದೆ," ಎಂದಳು ಅವಳು. ಒಂದು ವರ್ಷದಿಂದ ಯಾರಿಗೂ ಹೇಳದ ಮಾತು ಹೊರಬಂತು. "ತುಟಿ ಬಿಳುಚಿದ್ದನ್ನ ನಾನೇ ಮೊದಲು ನೋಡಿದ್ದು. 'ನಿಲ್ಲಿ' ಅಂತ ಕೂಗೋದು ಬಿಟ್ಟು ಚರಣ ಕಟ್ಟಿದೆ. ಜನ ಚಪ್ಪಾಳೆ ತಟ್ಟಿದ್ರು, ನಂಗೆ ಖುಷಿಯಾಯ್ತು. ನೀವು ಸಾಯ್ತಿದ್ರಿ, ನಾನು ಖುಷಿಯಾಗಿದ್ದೆ. ಗೊತ್ತಾ?"

"ಗೊತ್ತು. ಕೇಳಿಸ್ಕೊಂಡೆ. ಚೆನ್ನಾಗಿತ್ತು."

"ಏನು?"

"ಚರಣ. ಚೆನ್ನಾಗಿತ್ತು."

ಅವಳು ತಿರುಗಿ ನೋಡಿದಳು. ಅವನು ಈರುಳ್ಳಿ ಮೂಟೆಯ ಹುರಿ ಬಿಚ್ಚುತ್ತಾ ಕಟ್ಟುತ್ತಾ ಇದ್ದ. ಕಿವಿಗಳು ಕೆಂಪಾಗಿದ್ದವು.

"ನಂದೂ ಒಂದಿದೆ ಹೇಳೋದು," ಅಂದ. "ಬಿದ್ದ ಕೂಡ್ಲೇ ಗೊತ್ತಾಯ್ತು ನಂಗೆ, ಏನೋ ಸರಿ ಇಲ್ಲ ಅಂತ. ಎರಡನೇ ಚರಣಕ್ಕೆಲ್ಲ ಪಕ್ಕೆಯಲ್ಲಿ ಬೆಂಕಿ. ಕೈ ಎತ್ತಬಹುದಿತ್ತು. ಕೂಗಬಹುದಿತ್ತು. ಎತ್ತಲಿಲ್ಲ."

"ಯಾಕೆ?"

"ಹಾಡು ನಿಂತ್ಹೋಗುತ್ತಲ್ಲ."

ಅವಳು ಬಾನಿಯಿಂದ ಕೈ ಹೊರತೆಗೆದಳು.

"ಎರಡು ಬೇಸಿಗೆಯಿಂದ ಕಾದಿದ್ದೆ. ನೀವು ಹಗ್ಗದ ಪಕ್ಕ ಕೂತು ಅಭ್ಯಾಸ ಮಾಡ್ತಿದ್ದದ್ದು ಕೇಳ್ತಿದ್ದೆ. ಮೊದಲ ಶೋಕಗೀತೆ ಇವತ್ತು ಅಂತ ವಿನಿಫ್ರೆಡ್ ಅಂದ್ರು. ಅದಕ್ಕೇ ಕೊನೇವರೆಗೂ ಬೀಳದೆ ಒದ್ದಾಡಿದೆ. ಕೊನೆಗೆ ನಿಮ್ಮ ಹತ್ರಾನೇ ಬಂದು ಬಿದ್ದೆ. ಆ ಪೆಟ್ಟು ಬಿದ್ದದ್ದೂ ಗುರಾಣಿ ಬಿಟ್ಟು ನಿಮ್ಮ ಕಡೆ ನೋಡಿದ್ದಕ್ಕೆ. ಹಿಂಗೆಲ್ಲ ಹೇಳಿದ್ರೆ ನಗ್ತೀರಿ ಅಂತ..."

ಅವಳು ನಗಲಿಲ್ಲ. ಒದ್ದೆ ಕೈಯಲ್ಲೇ ಅವನ ಎದೆಗೆ ಒಂದು ಗುದ್ದಿದಳು.

"ಸತ್ತೇ ಹೋಗ್ತಿದ್ದೆ ಕಣೋ, ಮುಟ್ಠಾಳ! ಕೈ ಎತ್ತೋದಕ್ಕೆ ಏನಾಗಿತ್ತು ನಿಂಗೆ? ಒಂದು ಹಾಡಿಗೆ? ನಾನು ಇನ್ನೊಂದ್ಸಲ ಹಾಡ್ತಿರ್ಲಿಲ್ವಾ? ಸಾವಿರ ಸಲ ಹಾಡ್ತಿದ್ದೆ. ಆಸ್ಪತ್ರೇಲಿ ನಿನ್ನ ಹೆಸರೂ ಗೊತ್ತಿಲ್ದೆ ನಿಂತಿದ್ನಲ್ಲೋ..."

ಅಳು ಬಂದಾಗ ಅವಳಿಗೆ ನಿಲ್ಲಿಸುವುದು ಗೊತ್ತಾಗಲಿಲ್ಲ. 'ನೀವು' ಯಾವಾಗ 'ನೀನು' ಆಯಿತೋ ಅದೂ ಗೊತ್ತಾಗಲಿಲ್ಲ. ಅವನಿಗೆ ಮಾತ್ರ ಗೊತ್ತಾಯಿತು. ಅವನು ಗುದ್ದಿದ ಕೈಯನ್ನು ಹಿಡಿದುಕೊಂಡು, ಸುಟ್ಟ ಹೆಬ್ಬೆರಳಿಗೆ ತಾಗದಂತೆ ತನ್ನ ಅಂಗೈಯಲ್ಲಿ ಇಟ್ಟುಕೊಂಡ.

"ನಿಂಗೇನೂ ತಪ್ಪಿಲ್ಲ ಅಂತ ನಾನು ಹೇಳೋಲ್ಲ," ಅಂದ ಮೆಲ್ಲಗೆ. "ಹೇಳಿದ್ರೂ ನೀನು ನಂಬೋಲ್ಲ. ಇಬ್ಬರದೂ ತಪ್ಪು. ಸಮ ಹಂಚ್ಕೊಳ್ಳೋಣ."

ಡೇರೆಯ ಬಟ್ಟೆ ಸರಿಸಿ ವಿನಿಫ್ರೆಡ್ ಇಣುಕಿದಳು. ಕಣ್ಣು ಮಂಜಾದವಳಿಗೆ ಇಬ್ಬರ ಕೈ ಮಾತ್ರ ಸ್ಪಷ್ಟವಾಗಿ ಕಂಡಿತು.

"ಮುಗೀತಾ ನಿಮ್ಮಿಬ್ಬರ ಪುರಾಣ? ನಾಳೆಗೆ ವರ್ಷ ತುಂಬುತ್ತೆ. ವರ್ಷದೊಳಗೆ ಕರೀದಿದ್ರೆ ಬಳಗದಲ್ಲಿ ಇವನ ಹೆಸರು ಹೋಗುತ್ತೆ, ಗುರಾಣಿ ಒಲೆಗೆ ಹೋಗುತ್ತೆ. ಆಮೇಲೆ ನನ್ ಹತ್ರ ಬಂದು ಅತ್ರೆ ಸೌಟಲ್ಲಿ ಬಾರಿಸ್ತೀನಿ."

"ನನ್ನ ಕೈಲಾಗೋಲ್ಲ ವಿನಿಫ್ರೆಡ್," ಎಂದಳು ಟಾಮ್ಸಿನ್. "ಅವನು ಮತ್ತೆ ಅಲ್ಲಿ ಮಲಗೋದನ್ನ ನೋಡೋಕಾಗೋಲ್ಲ."

"ಹಂಗಾದ್ರೆ ಕಣ್ಮುಚ್ಕೊಂಡು ಹಾಡು. ನಾಳೆ ನಾಲ್ಕು ಗಂಟೆಗೆ."

ಮಾರನೆಯ ದಿನ ಕಾಳಗ ಮುಗಿದ ಮೇಲೆ ಅವನು ಕವಚ ತೊಟ್ಟು, ಹೋದ ವರ್ಷ ಬಿದ್ದ ಜಾಗಕ್ಕೇ ಹೋಗಿ ಮಲಗಿದ. ಹುಲ್ಲು ಹಸಿಯಾಗಿತ್ತು. ಕಣ್ಣು ಮುಚ್ಚಿದ.

ಟಾಮ್ಸಿನ್ ಮಂಡಿಯೂರಿದಳು. ಬಯಲು ಸುಮ್ಮನಾಯಿತು. ಬಾಯಿ ತೆರೆದರೆ ಉಸಿರು ಮಾತ್ರ ಬಂತು. ಮುಚ್ಚಿದ ಆ ಕಣ್ಣು, ಆ ಹಣೆ... ಎದ್ದು ಓಡಿಬಿಡೋಣ ಅನ್ನಿಸಿತು.

ಓಡಲಿಲ್ಲ. ಆರುನೂರು ವರ್ಷದ ಸಂಪ್ರದಾಯ ಎಂದು ಬಳಗದವರು ಹೇಳಿಕೊಳ್ಳುವುದನ್ನು ಮುರಿದು, ಸತ್ತವನ ಕುತ್ತಿಗೆಗೆ ಎರಡು ಬೆರಳಿಟ್ಟಳು. ನಾಡಿ ಬಡಿಯುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ನೋವಿದ್ಯಾ?"

ಸತ್ತವರು ಮಾತಾಡುವಂತಿಲ್ಲ.

"ಇಲ್ಲ," ಅಂದ ಅವನು ಕಣ್ಣು ತೆರೆಯದೆ. "ಹಾಡು."

ಅವಳು ಹಳೆಯ ಒಂಬತ್ತು ಚರಣ ಮುಟ್ಟಲಿಲ್ಲ. ಹತ್ತನೆಯದನ್ನೇ ಹಿಡಿದಳು. ವರ್ಷದಿಂದ ಮುಚ್ಚಿದ್ದ ಗಂಟಲು, ಸ್ವರ ಎರಡು ಕಡೆ ಒಡೆಯಿತು. ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ.

"ಒಲೆಯ ಮೇಲೆ ಗಂಜಿ ಉಂಟು, ಬಾಗಿಲಿನ್ನೂ ತೆರೆದಿದೆ,
ಮಲಗಿದ್ದು ಸಾಕು, ಏಳು, ಹೆಸರು ಹಿಡಿದು ಕರೆವೆನು...

ಓಸ್ಬರ್ನ್."

ಅವನ ಕಣ್ಣ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಓಸ್ಬರ್ನ್."

ಹಗ್ಗದಾಚೆ ವಿನಿಫ್ರೆಡ್ ಕನ್ನಡಕ ತೆಗೆದಳು.

"ಓಸ್ಬರ್ನ್."

ಅವನು ಕಣ್ಣು ಬಿಟ್ಟ. ಏಳಲು ಹೋದ, ಒಂದು ವರ್ಷ ತೊಡದ ಕವಚ, ಹಸಿ ಹುಲ್ಲು... ಅರ್ಧಕ್ಕೆ ಎದ್ದು ಮತ್ತೆ ಕುಸಿದ. ಅವಳ ಮುಖ ಬಿಳುಚಿತು.

"ಏನಾಯ್ತು? ಎಲ್ಲಿ ನೋವು?"

"ಎಲ್ಲೂ ಇಲ್ಲ. ತೂಕ. ಕೈ ಕೊಡು."

ಅವಳು ಕೈ ಕೊಟ್ಟಳು. ಅವನನ್ನು ಎಳೆದು ನಿಲ್ಲಿಸಿದಳು, ತೋಳಿನ ಬೂದು ಪಟ್ಟಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬಯಲಿನ ತುಂಬ ಬಿಯರ್ ಬಟ್ಟಲುಗಳು ಮೇಲೆದ್ದವು. ಆ ಗದ್ದಲದಲ್ಲಿ ಅವನು ಅವಳ ಕಿವಿಯ ಹತ್ತಿರ ಬಗ್ಗಿದ.

"ಆಸ್ಪತ್ರೇಲಿ ಕೇಳಿದ್ರಲ್ಲ, ಪೂರ್ತಿ ಹೆಸರು... ರೋರಿ ಹೆಬ್ಡನ್."

"ಟಾಮ್ಸಿನ್," ಎಂದಳು ಅವಳು.

"ಟಾಮ್ಸಿನ್. ನಾನು ನಿಂಗೆ ಏನಾಗ್ಬೇಕು ಅಂತ ಯಾರಾದ್ರೂ ಕೇಳಿದ್ರೆ, ಏನಂತೀಯ?"

ಅವಳು ಬೂದು ಪಟ್ಟಿಯನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡಳು.

"ನಮ್ಮವನು ಅಂತೀನಿ. ಈಗ ನಡಿ, ಗಂಜಿ ಆರಿ ಹೋಗುತ್ತೆ."