ಮುಂಚಕ್ರದ ತಾಮ್ರ

ಜೀಪು ಹಿಂದಿನಿಂದ ಗುದ್ದಿತು!

ಮೊದಲ ಗುದ್ದು ಬೈಕಿನ ಪೆಟ್ಟಿಗೆಗೆ ಬಿತ್ತು. ಎರಡನೆಯದು ನನ್ನ ಬೆನ್ನಿಗೆ ಎಂಬುದು ನನಗೂ ಗೊತ್ತಿತ್ತು, ಜೀಪಿನವನಿಗೂ ಗೊತ್ತಿತ್ತು.

ಕೊಡ್ಲಿಪೇಟೆ ಕಡೆಯ ಇಳಿಜಾರಿನ ತಿರುವು. ಹಗಲಿನ ಕಣ್ಣಿಗೆ ಪೊರೆ ಬಂದಂತೆ ಮಂಜು. ಒದ್ದೆ ಡಾಂಬರು. ನನ್ನ ಕೆಳಗೆ ಮುದಿ ಟೂರಿಂಗ್ ಬೈಕು... ಅದರ ಮೀಟರಿನ ಮೂಲೆಯಲ್ಲಿ ಒಂದು ಹಳದಿ ದೀಪ.

ಎಬಿಎಸ್!

ಆ ದೀಪ ಉರಿಯುತ್ತಿರುವುದನ್ನು ಅವನೂ ನೋಡಿದ್ದ. ಅದಕ್ಕೇ ನಗುತ್ತಿದ್ದ. ಕನ್ನಡಿಯಲ್ಲಿ ಹಲ್ಲು ಕಂಡವು.

ತಾಳಿ. ಈ ತಿರುವಿಗೆ ಮತ್ತೆ ಬರೋಣ. ಮೊದಲು ಆ ದೀಪದ ವಿಷಯ ಕೇಳಿ.

ನಾನು ಹಿಂದೆ ವಿಮೆಯವರಿಗಾಗಿ ಜಜ್ಜಿಹೋದ ಗಾಡಿಗಳನ್ನು ಓದುತ್ತಿದ್ದೆ. ಈಗ ಪತ್ತೇದಾರನಾಗಿ ಜಜ್ಜಿಹೋದ ಮನುಷ್ಯರನ್ನು ಓದುತ್ತೇನೆ. ಗಾಡಿಗಳೇ ಮೇಲು. ಅವು ಇನ್ನೂ ಸುಳ್ಳು ಕಲಿತಿಲ್ಲ.

ಶಿರಂಗಾಲದ ಉಷಾರಾಣಿ ನನ್ನನ್ನು ಕರೆಸಿದಳು. ಅವಳ ಗಂಡ ಶಿವಪ್ರಕಾಶ್ ಮೇ ತಿಂಗಳಲ್ಲಿ ಕಾಣೆಯಾಗಿದ್ದ. ಬೈಕು ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತ್ತು. ಕೀಲಿ ಅದರಲ್ಲೇ ನೇತಾಡುತ್ತಿತ್ತು.

"ಯಾವಳನ್ನೋ ಕಟ್ಕೊಂಡು ಮೈಸೂರ್ ಬಸ್ ಹತ್ತಿದ ಅಂತ ನಮ್ ಭಾವ ಊರೆಲ್ಲಾ ಹೇಳ್ಕೊಂಡ್ ಬಂದ್ರು," ಎಂದಳು. "ಪೊಲೀಸ್ನೋರೂ ನಕ್ಕರು. 'ಬರ್ತಾನೆ ಬಿಡಮ್ಮ, ದುಡ್ಡು ಖಾಲಿಯಾದ್ರೆ ಎಲ್ರೂ ಬರ್ತಾರೆ' ಅಂದ್ರು."

"ನೀವು ಏನಂತೀರಿ?"

"ಓಡಿಹೋಗಿದ್ರೆ ಓಡಿಹೋಗ್ಲಿ ಕಣ್ರೀ. ಬದುಕಿದಾರಾ... ಇಲ್ವಾ... ಅಷ್ಟು ಹೇಳಿ ಸಾಕು."

"ಬದುಕಿದ್ದು, ಇನ್ನೊಬ್ಬಳ ಜೊತೆ ಇದ್ರೆ?"

"ಅವಳಿಗೆ ಒಳ್ಳೇದಾಗ್ಲಿ," ಎಂದಳು. ಹೇಳುವಾಗ ಕುತ್ತಿಗೆಯ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು... ಮುಳುಗುವವರು ಹಗ್ಗ ಹಿಡಿದ ಹಾಗೆ.

ಬೈಕು ಕೊಟ್ಟಿಗೆಯಲ್ಲಿತ್ತು. ಅವಳೇ ಕೀಲಿ ತಿರುಗಿಸಿದಳು.

"ಆ ಹಳದಿ ದೀಪ ನೋಡಿ. ಆರಲ್ಲ," ಎಂದಳು. "ಅವ್ರು ಇದ್ದಾಗ ಹಿಂಗಿರ್ಲಿಲ್ಲ. ದೀಪ ಉರೀತಾ ಇದ್ರೆ ಅವ್ರು ಗಾಡಿ ಗೇಟು ದಾಟಿಸ್ತಿರ್ಲಿಲ್ಲ. ನನ್ ಜ್ವರ ನೋಡ್ದೆ ಹೋದ್ರೂ ಗಾಡಿ ಜ್ವರ ನೋಡೋರು."

ಕೀಲಿ ತಿರುಗಿಸಿದಾಗ ಆ ದೀಪ ಹತ್ತಬೇಕು. ಗಾಡಿ ನಾಲ್ಕು ಮಾರು ಉರುಳಿದ ಮೇಲೆ ಆರಬೇಕು.

ಆರಲಿಲ್ಲ.

ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸೊರಗಿದರೂ ಹೀಗಾಗುತ್ತದೆ. ಹೊಸ ಬ್ಯಾಟರಿ ಹಾಕಿದೆ. ದೀಪ ಉರಿಯಿತು. ಫ್ಯೂಸು ನೋಡಿದೆ. ಸರಿಯಿತ್ತು. ಹಿಂಚಕ್ರದ ಸೆನ್ಸರ್ ಒರೆಸಿದೆ. ಅದೂ ಸರಿಯಿತ್ತು.

ಮುಂಚಕ್ರ ಬಿಚ್ಚಿದೆ.

ಅಲ್ಲಿ ನನ್ನ ಕೈ ನಿಂತಿತು!

ಸೆನ್ಸರಿನ ಕೊಂಡಿಯೊಳಗೆ ನೀಲಿ ಹರಳು ಕಟ್ಟಿತ್ತು. ಚಕ್ರದ ಗತಿಯನ್ನು ಎಣಿಸಿ ಕೊಡುವ ಹಲ್ಲಿನ ಬಳೆ ಇರುತ್ತದಲ್ಲ, ಉಕ್ಕಿನದು... ಅದು ಕೆಂಪಗಿತ್ತು. ತುಕ್ಕಿನ ಕೆಂಪಲ್ಲ. ಹೊಸ ಚೊಂಬಿನ ಕೆಂಪು.

ತಾಮ್ರ!

ಮಳೆಗಾಲಕ್ಕೆ ಮೊದಲು ಇಲ್ಲಿನ ಎಸ್ಟೇಟುಗಳಲ್ಲಿ ಗಿಡಬಳ್ಳಿಗಳಿಗೆ ಕೊಳೆರೋಗ ತಗಲದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಹಿಂದಿನ ಸಂಜೆ ಮೈಲುತುತ್ತವನ್ನು, ಅಂದರೆ ತಾಮ್ರದ ನೀಲಿ ಉಪ್ಪನ್ನು, ಗೋಣಿಯಲ್ಲಿ ಕಟ್ಟಿ ಡ್ರಮ್ಮಿನ ನೀರಿಗೆ ಇಳಿಬಿಡುತ್ತಾರೆ. ಬೆಳಗ್ಗೆ ಸುಣ್ಣ ಬೆರೆಸುತ್ತಾರೆ. ಆಮೇಲೆ ಹೊಳೆಯುವ ಕತ್ತಿಯೊಂದನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರ ಹಿಡಿದರೆ ಸುಣ್ಣ ಸಾಲದೆಂದು ಅರ್ಥ.

ಈ ಚಕ್ರಕ್ಕೆ ತಾಮ್ರ ಹಿಡಿದಿತ್ತು. ಅಂದರೆ ಸುಣ್ಣ ಬೀಳುವ ಮೊದಲೇ, ಸಂಜೆಗೂ ಬೆಳಗಿಗೂ ನಡುವೆ, ಯಾರೋ ಆ ಡ್ರಮ್ಮಿಗೆ ಸ್ಪ್ರೇಯರಿನ ಪೈಪು ಇಳಿಸಿದ್ದರು. ಬರಿಯ ನೀರೆಂದು ತಿಳಿದು ಈ ಬೈಕನ್ನು ತೊಳೆದಿದ್ದರು! ಕತ್ತಲಲ್ಲಿ ನೀಲಿಯೂ ಕಪ್ಪೇ.

ಎಸ್ಟೇಟಿನವರು ಜೀಪು ತೊಳೆಯುವುದೂ ಸ್ಪ್ರೇಯರಿನಲ್ಲೇ. ಅದು ದೊಡ್ಡ ಮಾತಲ್ಲ. ಆದರೆ ಯಾರೂ ಕೆಸರನ್ನು ಕತ್ತಲಲ್ಲಿ ತೊಳೆಯುವುದಿಲ್ಲ.

"ನಿಮ್ಮ ಭಾವನಿಗೆ ಎಸ್ಟೇಟ್ ಇದೆಯಾ? ಎಲ್ಲಿ?" ಎಂದು ಕೇಳಿದೆ.

"ಕೊಡ್ಲಿಪೇಟೆ ಹತ್ರ. ಇವ್ರು ಅರ್ಧ ಪಾಲು ಕೇಳಿದ್ರು. ಅವತ್ತಿಂದ ಇವ್ರು ಅಲ್ಲಿಗೆ ಕಾಲಿಟ್ಟಿಲ್ಲ ಅಂತ ಭಾವ ಪೊಲೀಸರ ಮುಂದೆ ಹೇಳಿದ್ರು." ಅವಳು ನನ್ನ ಮುಖ ನೋಡಿದಳು. "ಏನ್ರೀ? ಏನ್ ಕಂಡ್ತು?"

"ಇನ್ನೂ ಏನಿಲ್ಲ," ಎಂದೆ. ನಾನು ಗಾಡಿಯಲ್ಲ. ಸುಳ್ಳು ಬರುತ್ತದೆ.

ಅದೇ ಬೈಕನ್ನೇರಿ ಹೊರಟೆ. ಬೇಕೆಂದೇ!

ಎಸ್ಟೇಟಿನ ಗೋದಾಮಿನ ಪಕ್ಕ ನೀಲಿ ಕಲೆಯ ಡ್ರಮ್ಮುಗಳಿದ್ದವು. ಕೂಲಿ ಲೈನಿನ ಹೊನ್ನಮ್ಮ ಅಲ್ಲಿನ ನಲ್ಲಿಯಲ್ಲಿ ಬಿಂದಿಗೆ ತುಂಬುತ್ತಿದ್ದಳು. ಬೈಕು ಕಂಡದ್ದೇ ಬಿಂದಿಗೆ ಕೆಳಗಿಟ್ಟಳು.

"ಚಿಕ್ ಯಜಮಾನ್ರು ಬಂದ್ರಾ?"

"ಇಲ್ಲ. ಕೊನೇ ಸಲ ಯಾವಾಗ ಬಂದಿದ್ರು?"

"ಬೋರ್ಡೋ ಹೊಡೆಯೋ ಹಿಂದ್ಲ ಸಂಜೆ. ಇದೇ ಗಾಡೀಲಿ. ಅಣ್ತಮ್ಮ ಇಬ್ರೂ ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ತಾವ ಕೂಗಾಡ್ತಿದ್ರು. ಆಮೇಲೆ ನಾವು ಕಾಣ್ನಿಲ್ಲ."

"ಮಾರನೇ ದಿನ ಡ್ರಮ್ಮಿನಲ್ಲಿ ಮೈಲುತುತ್ತದ ನೀರು ಕಡಿಮೆ ಇತ್ತಾ?"

ಅವಳ ಮುಖ ಮುದುಡಿತು.

"ಅರ್ಧಕ್ಕರ್ಧ ಖಾಲಿ ಸಾಮಿ! ನನ್ ಗಂಡ ಸಣ್ಣಸ್ವಾಮಿ ಕದ್ದು ಮಾರ್ಕೊಂಡ ಅಂದ್ರು. ಕಂಬಕ್ಕೆ ಕಟ್ಟಿ ಹೊಡುದ್ರು. ಒಂದ್ ಕಿವಿ ಹೋಯ್ತು."

"ಹೊಡೆದದ್ದು ಯಾರು?"

"ಯಜಮಾನ್ರೇ. ಆಳಿಗೂ ಕೊಡ್ನಿಲ್ಲ ದೊಣ್ಣೇನ."

ನೋಡಿ, ಕ್ರೌರ್ಯಕ್ಕೂ ಒಂದು ಶಿಸ್ತು ಇರುತ್ತದೆ. ಆ ನೀರನ್ನು ಖಾಲಿ ಮಾಡಿದ ಕೈಯೇ ಆ ನೀರಿಗಾಗಿ ಹೊಡೆಯಿತು. ಊರೆಲ್ಲ ಕಳ್ಳನನ್ನು ನೋಡಿತು. ಡ್ರಮ್ಮನ್ನು ಯಾರೂ ನೋಡಲಿಲ್ಲ.

"ಯಾರ್ರೀ ಅದು?"

ಪರಮೇಶಪ್ಪ! ಶಿವಪ್ರಕಾಶನ ಅಣ್ಣ. ಬಿಳಿ ಅಂಗಿ, ಗಮ್ ಬೂಟು, ಪೂಜೆ ಮುಗಿಸಿ ಬಂದವನ ಹಣೆ. ಹೊನ್ನಮ್ಮ ಬಿಂದಿಗೆ ಬಿಟ್ಟೇ ಹೋದಳು.

"ಗಾಡಿ ವಿಚಾರಕ್ಕೆ ಬಂದೆ," ಎಂದೆ. "ಮೇ ತಿಂಗಳಲ್ಲಿ ನಿಮ್ಮ ತಮ್ಮ ಇಲ್ಲಿಗೆ ಬಂದಿದ್ರಾ?"

"ಕಾಲಿಟ್ಟಿಲ್ಲ."

"ಗಾಡಿ ಬಂದಿತ್ತು."

"ಗಾಡಿ ಒಂದೇ ಬರುತ್ತೇನ್ರೀ?"

"ನಾನೂ ಅದನ್ನೇ ಕೇಳ್ತಿದೀನಿ."

ಅವನು ನಕ್ಕ. "ಆ ಹೆಂಗಸು ಕಳಿಸಿದ್ಲಾ? ಗಂಡನ್ನ ಹಿಡಿದಿಟ್ಕೊಳಾಕ್ ಬರ್ನಿಲ್ಲ. ಈಗ ಗಾಡಿ ತಬ್ಕೊಂಡ್ ಅಳ್ತಾಳೆ."

"ಮುಂಚಕ್ರಕ್ಕೆ ತಾಮ್ರ ಹಿಡಿದಿದೆ ಪರಮೇಶಪ್ಪನೋರೇ. ಕತ್ತಿ ಅದ್ದಿ ನೋಡ್ತೀರಲ್ಲ... ಹಾಗೆ. ಸುಣ್ಣ ಬೀಳೋಕೆ ಮುಂಚೆ ಅವಸರ ಮಾಡಿದ್ರಿ."

ನಗು ಅಲ್ಲೇ ನಿಂತಿತು. ತೆಗೆಯಲು ಮರೆತ ತೋರಣದ ಹಾಗೆ.

ಅವನ ಕಣ್ಣು ಬೈಕಿನ ಮೀಟರಿಗೆ ಹೋಯಿತು. ಎಂಜಿನ್ ಓಡುತ್ತಿತ್ತು. ಹಳದಿ ದೀಪ ಉರಿಯುತ್ತಿತ್ತು.

"ಬ್ರೇಕ್ ಲೈಟು ಉರೀತಾ ಅದಲ್ರೀ," ಎಂದ, ಮೆಲ್ಲಗೆ. "ಇಳಿಜಾರು. ಹುಷಾರಾಗ್ ಹೋಗಿ."

ಒಂದು ಮೈಲಿ ಕಳೆಯುವುದರೊಳಗೆ ಕನ್ನಡಿಯಲ್ಲಿ ಜೀಪು ಬಂತು.

ಈಗ ಆ ತಿರುವಿಗೆ ಬನ್ನಿ!

ಎರಡನೆಯ ಗುದ್ದು. ಹಿಂಬದಿಯ ಪೆಟ್ಟಿಗೆ ಹಾರಿ ಕಾಫಿ ಗಿಡಗಳ ಮೇಲೆ ಬಿತ್ತು. ನನ್ನ ಸೊಂಟದಲ್ಲಿ ಏನೋ ಹರಿದ ಸದ್ದು. ಎದುರಿಗೆ ಹೇರ್‌ಪಿನ್... ಅದರಾಚೆ ಸಿಲ್ವರ್ ಓಕಿನ ತುದಿಗಳು ಮಾತ್ರ ಕಾಣುತ್ತಿದ್ದವು. ಬುಡಗಳು ಪಾತಾಳದಲ್ಲಿದ್ದವು.

ದೀಪ ಉರಿದರೆ ಬ್ರೇಕಿಲ್ಲ ಎಂದು ಅವನು ನಂಬಿದ್ದ. ಒಂದು ತಳ್ಳು ತಳ್ಳಿದರೆ ಉಳಿದದ್ದನ್ನು ಇಳಿಜಾರು ನೋಡಿಕೊಳ್ಳುತ್ತದೆ ಎಂದುಕೊಂಡಿದ್ದ.

ತಪ್ಪು!

ಆ ದೀಪ ಉರಿದಾಗ ಸತ್ತಿರುವುದು ಎಬಿಎಸ್ ಮಾತ್ರ. ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರದಂತೆ ಕಾಯುವ ಜಾಣತನ ಇರುವುದಿಲ್ಲ. ಬ್ರೇಕು ಬ್ರೇಕಾಗಿಯೇ ಇರುತ್ತದೆ. ಜಾಣತನವನ್ನು ಸವಾರ ತರಬೇಕು.

ಒತ್ತಿದೆ. ಬಿಟ್ಟೆ. ಒತ್ತಿದೆ.

ಹಿಂಚಕ್ರ ಕಚ್ಚಿತು! ಬಾಲ ಬೀಸಿತು... ಬಿಟ್ಟೆ. ನೆಟ್ಟಗಾಯಿತು. ಮತ್ತೆ ಒತ್ತಿದೆ. ಎಡಕ್ಕೆ ಕಾಫಿ ಒಣಗಿಸುವ ಕಣದ ಬಾಯಿ. ಅದರೊಳಗೆ ಬೈಕು ಅಡ್ಡಲಾಗಿ ಬಿದ್ದು, ನನ್ನ ಮೊಣಕೈಯ ಚರ್ಮವನ್ನು ಸಿಮೆಂಟಿಗೆ ಕೊಟ್ಟು, ನಿಂತಿತು.

ಮೂರನೆಯ ಗುದ್ದಿಗೆಂದು ಅವನು ಆಕ್ಸಿಲರೇಟರ್ ತುಳಿದಿದ್ದ. ಗುದ್ದಲು ಅಲ್ಲಿ ಏನೂ ಇರಲಿಲ್ಲ.

ಜೀಪು ತಿರುವನ್ನು ಕೇಳದೆ ನೇರ ಹೋಯಿತು.

ಸದ್ದು ಬಹಳ ಹೊತ್ತು ಬಂತು. ಆಮೇಲೆ ಮಂಜು ಏನೂ ಆಗದಂತೆ ಆ ಜಾಗವನ್ನು ತುಂಬಿತು.

ಕುಂಟುತ್ತ ಇಳಿದೆ. ಜೀಪು ಎರಡು ಮರಗಳ ನಡುವೆ ಮುರುಟಿತ್ತು. ಸ್ಟಿಯರಿಂಗು ಅವನ ಹೊಟ್ಟೆಗೆ ಒತ್ತಿತ್ತು. ಬಿಳಿ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ.

"ಆಂಬುಲೆನ್ಸ್..." ಎಂದ.

"ತಮ್ಮ ಎಲ್ಲಿ?"

"ಉಸ್ರು... ಕಟ್ತಾ ಅದೆ ಕಣಯ್ಯ..."

"ಸಣ್ಣಸ್ವಾಮಿಗೂ ಕಟ್ಟಿತ್ತು. ತಮ್ಮ ಎಲ್ಲಿ?"

"ಫೋನ್ ಮಾಡ್ರೀ... ಕೈ ಮುಗಿತೀನಿ..."

"ಸಿಗ್ನಲ್ ಇಲ್ಲ," ಎಂದೆ. ಫೋನು ತೆಗೆದು ರೆಕಾರ್ಡಿಂಗ್ ಒತ್ತಿ, ಅವನ ಕಣ್ಣ ಮುಂದೆ ಹಿಡಿದೆ. ಸಿಗ್ನಲ್ಲಿನ ಗೆರೆಗಳು ಪೂರ್ತಿ ಇದ್ದವು. ಅವನಿಗೂ ಕಂಡವು. "ನೀವು ಹೇಳಿದ ಮೇಲೆ ಬರುತ್ತೆ."

ಅವನು ಅತ್ತ. ಕಾದೆ. ಮರದ ಮೇಲಿಂದ ಹನಿಗಳು ಜೀಪಿನ ತಗಡಿಗೆ ಬೀಳುತ್ತಿದ್ದವು.

"ಪಲ್ಪರ್ ಗುಂಡೀಲಿ," ಎಂದ ಕೊನೆಗೆ. "ಅರ್ಧ ಕೊಡು ಅಂದ... ಅಪ್ಪನ್ ಹೆಸರ್ ಎತ್ತಿದ... ಕೈಯಾಗೆ ಗುದ್ದಲಿ ಇತ್ತು. ಗಾಡಿ ಪಕ್ಕಾನೇ ನಿಂತಿದ್ದ... ರಕ್ತ ಎಲ್ಲಾ ಗಾಡಿ ಮ್ಯಾಗೇ..."

"ಆಮೇಲೆ?"

"ಹಣ್ಣಿನ್ ಸಿಪ್ಪೆ ಹಾಕಿ ಮುಚ್ದೆ."

"ಒಂದೇ ಏಟಿಗೆ ಸತ್ರಾ?"

ಅವನು ಕಣ್ಣು ಮುಚ್ಚಿಕೊಂಡ.

"ಕೇಳ್ದೆ!"

"...ಇಲ್ಲ. ಸಿಪ್ಪೆ ಹಾಕೋವಾಗ... ಅಣ್ಣಾ ಅಂದ."

ರೆಕಾರ್ಡಿಂಗ್ ನಿಲ್ಲಿಸಿದೆ. ಈಗ ಆಂಬುಲೆನ್ಸಿನ ನಂಬರು ಒತ್ತಬೇಕಿತ್ತು. ಉಷಾರಾಣಿಯ ನಂಬರು ಒತ್ತಿದೆ. ಅವಳೇ ಮೊದಲು ಕೇಳಿದವಳು. ಉತ್ತರವೂ ಮೊದಲು ಅವಳಿಗೇ ಸಲ್ಲಬೇಕು.

"ಬದುಕಿದಾರಾ?" ಎಂದಳು. ಹಲೋ ಕೂಡ ಅನ್ನಲಿಲ್ಲ.

"ಇಲ್ಲಮ್ಮ. ಕಾಣೆಯಾದ ಸಂಜೆಯೇ ಹೋದ್ರು. ಎಸ್ಟೇಟಲ್ಲೇ ಇದಾರೆ."

ಅಳುತ್ತಾಳೆಂದು ಕಾದೆ. ಅಳಲಿಲ್ಲ.

"ಯಾರು?"

"ನಿಮ್ಮ ಭಾವ."

"ಅವ್ರು ಎಲ್ಲಿದಾರೆ?"

"ನನ್ನ ಮುಂದೆ. ಜೀಪು ಕೆಳಕ್ಕೆ ಬಿದ್ದಿದೆ. ಸಿಕ್ಕಾಕಿಕೊಂಡಿದಾರೆ."

"ಉಸಿರಿದೆಯಾ?"

"ಸ್ವಲ್ಪ ಇದೆ."

"ಆಂಬುಲೆನ್ಸ್‌ಗೆ ಹೇಳಿದ್ರಾ?"

"ಇನ್ನೂ ಇಲ್ಲ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡ ಸದ್ದು. ಬಾಗಿಲು ಎಳೆದ ಸದ್ದು.

"ನಾನು ಅವ್ರ ಮುಖ ನೋಡ್ಬೇಕು. ಬರೋವರ್ಗೂ ಯಾರಿಗೂ ಹೇಳ್ಬೇಡಿ. ಈಗ್ಲೇ ಆಟೋ ಹಿಡಿದು ಬೇಗ ಬರ್ತೀನಿ."

ನಾನು ಪರಮೇಶಪ್ಪನ ಕಡೆ ನೋಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

"ಬೇಗ ಏನೂ ಬೇಡಮ್ಮ," ಎಂದೆ. "ರಸ್ತೆ ಒದ್ದೆ. ನಿಧಾನವಾಗೇ ಬನ್ನಿ."